ಉಸಿರಿಲ್ಲದ ಕಂಠಕ್ಕೆ ಊರೆಲ್ಲ ಕಟ್ಟಿದ ಹಾಡು

(ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೈದ್ಯರೊಬ್ಬರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬಿನಂಶಗಳ ಕಥೆಯನ್ನು ಹೇಳಿ ಹಬ್ಬದ ಒಬ್ಬಟ್ಟಿನ ರುಚಿಯನ್ನು ಕೆಡಿಸಿಯಾರು ಎಂಬ ಅಳುಕು ಸಂಘಟಕರಿಗೆ ಸಹಜವಾದದ್ದೇ. ಇಂದು ಆ ಅಳುಕಿಗೆ ಕಾರಣವಿಲ್ಲ. ನಾವು ಈ ಸಂಜೆ ಪ್ರಸ್ತಾಪಿಸಬಯಸುವುದು ಒಬ್ಬ ಗಾಯಕಿಯ ವಿಚಾರವನ್ನು. ಆಕೆಗೆ ರಕ್ತವೇ ಇಲ್ಲವಾದ್ದರಿಂದ ಒತ್ತಡದ ಮಾತೂ ಇಲ್ಲ. ಶ್ವಾಸಕೋಶವಿಲ್ಲ, ಧ್ವನಿತಂತುಗಳಿಲ್ಲ, ನಾಲಗೆಯಿಲ್ಲ. 2007ರಲ್ಲಿ ಆಕೆಯ ವಯಸ್ಸು 16, ಇಂದಿಗೂ 16. ಆಕೆಯ ಹೆಸರು ಹತ್ಸುನೆ ಮಿಕು. ಜಪಾನೀ ಭಾಷೆಯಲ್ಲಿ ‘ಹತ್ಸು’ ಎಂದರೆ ಮೊದಲು, ‘ನೆ’ ಎಂದರೆ ನಾದ, ‘ಮಿಕು’ ಎಂಬುದು ಭವಿಷ್ಯವನ್ನು ಸೂಚಿಸುವ ಶಬ್ದ. ಒಟ್ಟಿನಲ್ಲಿ, ಬರಲಿರುವ ಕಾಲದ ಮೊದಲ ನಾದ.

ಹಿರಿಯರಲ್ಲಿ ಬಹುಮಂದಿ ಈ ಹೆಸರನ್ನು ಕೇಳಿರಲಿಕ್ಕಿಲ್ಲ. ಪಕ್ಕದಲ್ಲಿ ಮಗನೋ ಮಗಳೋ ಕುಳಿತಿದ್ದರೆ ಮೆಲ್ಲನೆ ವಿಚಾರಿಸಿ ನೋಡಿ. ನೀಲಿ-ಹಸಿರು ಬಣ್ಣದ ಎರಡು ಉದ್ದನೆಯ ಜಡೆಗಳ ಆ ಹುಡುಗಿಯ ಚಿತ್ರ ನಿಮ್ಮ ಮನೆಯ ಯಾವುದೋ ಗೋಡೆಯ ಮೇಲೆಯೋ ಶಾಲೆಯ ಚೀಲದ ಮೇಲೆಯೋ ಇದ್ದೀತು. ಲಾಸ್ ಏಂಜಲೀಸ್‌ನಲ್ಲಿ, ನ್ಯೂಯಾರ್ಕಿನಲ್ಲಿ, ಜಕಾರ್ತದಲ್ಲಿ ಸಾವಿರಾರು ಜನ ಹಣ ತೆತ್ತು ಆಕೆಯ ಕಛೇರಿಗೆ ಹೋಗಿದ್ದಾರೆ. ಈ ಗಾಯಕಿಯನ್ನು ಒಂದು ವ್ಯಾಪಾರ ಸಂಸ್ಥೆ ಸೃಷ್ಟಿಸಿತೆಂಬುದು ನಿಜ. ಆದರೆ ಆಕೆಯ ಹಾಡುಗಳನ್ನು, ಚಿತ್ರಗಳನ್ನು, ನರ್ತನವನ್ನು ಬಹುಪಾಲು ಸೃಷ್ಟಿಸಿದವರು ಆಕೆಯ ಅಭಿಮಾನಿಗಳು. ಅಭಿಮಾನಿಗಳ ಕೈಕೆಲಸ ಜಗದ್ವ್ಯಾಪಿ ವಾಣಿಜ್ಯವಾದ ಬಗೆ ಹೇಗೆ, ಅದರಲ್ಲಿ ಯಾರಿಗೆ ಏನು ದಕ್ಕಿತು, ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರಿಗೆ ಅದರಿಂದ ಕಲಿಯುವುದೇನಾದರೂ ಉಂಟೇ ಎಂಬ ಮೂರು ಪ್ರಶ್ನೆಗಳನ್ನು ತಮ್ಮ ಮುಂದಿಡುವುದು ನಮ್ಮ ಉದ್ದೇಶ.

ಮೊದಲಿಗೆ ಕಂಠದ ವಿಚಾರ. ಮನುಷ್ಯನ ಧ್ವನಿ ಹುಟ್ಟುವ ಕ್ರಮ ತಾವೆಲ್ಲ ಬಲ್ಲದ್ದೇ. ಶ್ವಾಸಕೋಶದಿಂದ ಹೊರಟ ಗಾಳಿ ಗಂಟಲಿನ ಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳನ್ನು ಕಂಪಿಸುತ್ತದೆ. ಆ ಕಂಪನಕ್ಕೆ ಗಂಟಲು, ಬಾಯಿ, ಮೂಗು, ನಾಲಗೆ, ತುಟಿಗಳು ಆಕಾರ ಕೊಟ್ಟು ಅಕ್ಷರವನ್ನಾಗಿಸುತ್ತವೆ. ಈ ಕೆಲಸವನ್ನು ಯಂತ್ರದಿಂದ ಮಾಡಿಸುವ ಹಂಬಲ ಹಳೆಯದು. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಗಣಕಯಂತ್ರವೊಂದು ‘ಡೈಸಿ ಬೆಲ್’ ಎಂಬ ಹಳೆಯ ಹಾಡನ್ನು ಹಾಡಿತು. ಆ ಧ್ವನಿಯಲ್ಲಿ ಮಾಧುರ್ಯವಿರಲಿಲ್ಲ. ಆದರೂ ಅದನ್ನು ಕೇಳಿದ ಸಾಹಿತಿ ಆರ್ಥರ್ ಕ್ಲಾರ್ಕ್ ಮುಂದೆ ತಮ್ಮ ‘2001’ ಕಥೆಯಲ್ಲಿ ಸಾಯುತ್ತಿರುವ ಗಣಕದ ಬಾಯಲ್ಲಿ ಅದೇ ಹಾಡನ್ನು ಹಾಡಿಸಿದರು.

ಸುಮಾರು ನಾಲ್ಕು ದಶಕಗಳ ಬಳಿಕ ಜಪಾನಿನ ಯಮಾಹಾ ಸಂಸ್ಥೆ ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಪೊಂಪೇವು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧಕರ ಜೊತೆಗೂಡಿ ಬೇರೊಂದು ಮಾರ್ಗವನ್ನು ಹಿಡಿಯಿತು. ಅದರ ಫಲವೇ ‘ವೊಕಲಾಯ್ಡ್’ ಎಂಬ ತಂತ್ರಾಂಶ. ಕೆನ್ಮೋಚಿ ಹಿದೇಕಿ ಎಂಬ ತಂತ್ರಜ್ಞರು ಇದರ ಮುಖ್ಯ ಶಿಲ್ಪಿ. ಇಲ್ಲಿ ಯಂತ್ರ ಧ್ವನಿಯನ್ನು ಶೂನ್ಯದಿಂದ ಹುಟ್ಟಿಸುವುದಿಲ್ಲ. ಜೀವಂತ ಗಾಯಕರೊಬ್ಬರು ಸ್ವರ-ವ್ಯಂಜನಗಳ ನೂರಾರು ಜೋಡಣೆಗಳನ್ನು ಬೇರೆ ಬೇರೆ ಶ್ರುತಿಗಳಲ್ಲಿ ಹಾಡುತ್ತಾರೆ. ಆ ಚೂರುಗಳೆಲ್ಲ ಉಗ್ರಾಣದಲ್ಲಿ ಶೇಖರವಾಗುತ್ತವೆ. ಬಳಸುವವನು ರಾಗವನ್ನೂ ಸಾಹಿತ್ಯವನ್ನೂ ಬರೆದುಕೊಟ್ಟರೆ ತಂತ್ರಾಂಶವು ತಕ್ಕ ಚೂರುಗಳನ್ನು ಆಯ್ದು, ಶ್ರುತಿಯನ್ನು ತಿದ್ದಿ, ಬೆಸುಗೆಯ ಗುರುತು ಕಾಣದಂತೆ ಸವರಿ ಹಾಡನ್ನಾಗಿಸುತ್ತದೆ. ಹೂವುಗಳು ಒಬ್ಬರವು, ಮಾಲೆ ಕಟ್ಟಿದವರು ಇನ್ನೊಬ್ಬರು ಎಂದರೆ ಸರಿಯಾದೀತು.

2004ರ ಆರಂಭದಲ್ಲಿ ಇಂಗ್ಲೆಂಡಿನ ಸಂಸ್ಥೆಯೊಂದು ಈ ತಂತ್ರದ ಮೊದಲ ಎರಡು ಕಂಠಗಳನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಜಪಾನಿನ ಉತ್ತರ ತುದಿಯ ಹೊಕ್ಕೈದೋ ದ್ವೀಪದ ಸಪ್ಪೊರೊ ನಗರದ ‘ಕ್ರಿಪ್ಟನ್ ಫ್ಯೂಚರ್ ಮೀಡಿಯಾ’ ಎಂಬ ಸಂಸ್ಥೆ ‘ಮೇಯಿಕೋ’ ಎಂಬ ಜಪಾನೀ ಕಂಠವನ್ನು ಹೊರತಂದಿತು. ಇತೋ ಹಿರೋಯುಕಿ ಎಂಬುವರು 1995ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಉದ್ಯೋಗ ಸಂಗೀತಗಾರರಿಗೆ ಧ್ವನಿಗಳ ಸಂಗ್ರಹವನ್ನು ಮಾರುವುದು. 2006ರಲ್ಲಿ ಬಂದ ‘ಕೈತೋ’ ಎಂಬ ಪುರುಷ ಕಂಠವನ್ನು ಆರಂಭದಲ್ಲಿ ಕೊಂಡವರು ಬಹಳ ಕಡಿಮೆ. ಆ ಬಳಿಕ ಬಂದವಳು ಮಿಕು. ಕಂಠ ನೀಡಿದವರು ಫುಜಿತಾ ಸಾಕಿ ಎಂಬ ಕಂಠದಾನ ಕಲಾವಿದೆ; ಚಿತ್ರ ಬರೆದವರು ಕೆಯಿ ಎಂಬ ಅಂಕಿತದ ಚಿತ್ರಕಾರ. ಯಮಾಹಾದವರ ಹಳೆಯ ಕೀಬೋರ್ಡ್ ವಾದ್ಯದ ಬಣ್ಣಗಳೇ ಆಕೆಯ ಉಡುಪಿಗೆ ಮಾದರಿ. 2007ರ ಆಗಸ್ಟ್ 31ರಂದು ಪೆಟ್ಟಿಗೆ ಅಂಗಡಿಗೆ ಬಂತು. ಮೊದಲ ವರ್ಷದೊಳಗೆ ಮಾರಿದ್ದು ಸುಮಾರು 40,000 ಪ್ರತಿಗಳು. ಸಂಗೀತ ರಚನೆಯ ಉಪಕರಣಕ್ಕೆ ಇದು ಅಪೂರ್ವವಾದ ಸಂಖ್ಯೆ.

ಇಲ್ಲೊಂದು ಸೂಕ್ಷ್ಮವಿದೆ. ಸಂಸ್ಥೆಯವರು ಈ ಹುಡುಗಿಯ ಬಗ್ಗೆ ಕೊಟ್ಟ ವಿವರಗಳು ಬೆರಳೆಣಿಕೆಯವು: ವಯಸ್ಸು, ಎತ್ತರ, ತೂಕ, ಆಕೆಗೆ ಒಗ್ಗುವ ಸಂಗೀತದ ಬಗೆ, ಲಯದ ವೇಗ, ಸ್ವರದ ವ್ಯಾಪ್ತಿ. ತಂದೆತಾಯಿಗಳಾರು, ಹುಟ್ಟಿದ್ದೆಲ್ಲಿ, ಗುಣಸ್ವಭಾವವೇನು ಎಂದು ಯಾರೂ ಹೇಳಲಿಲ್ಲ. ಕಥೆಯೇ ಇಲ್ಲದ ಕಥಾನಾಯಕಿ ಆಕೆ. ಆ ಬರಿದಾದ ಜಾಗವನ್ನು ತುಂಬಲು ಅಭಿಮಾನಿಗಳು ಧಾವಿಸಿ ಬಂದರು.

ಹೇಗೆ ತುಂಬಿದರೆಂಬುದಕ್ಕೆ ಒಂದು ಉದಾಹರಣೆ. ಪೆಟ್ಟಿಗೆ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ, 2007ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಓತೊಮಾನಿಯಾ ಎಂಬ ಅಂಕಿತದವರೊಬ್ಬರು ಫಿನ್‌ಲೆಂಡ್ ದೇಶದ ಜಾನಪದ ಧಾಟಿಯ ‘ಈವಾನ್ ಪೋಲ್ಕಾ’ ಹಾಡನ್ನು ಮಿಕುವಿನ ಕಂಠದಲ್ಲಿ ಹಾಡಿಸಿದರು. ಜೊತೆಯ ಚಿತ್ರದಲ್ಲಿ ಪುಟಾಣಿ ಮಿಕು ಕೈಯಲ್ಲೊಂದು ಹಸಿರು ಈರುಳ್ಳಿ ದಂಟನ್ನು ಹಿಡಿದು ಆಡಿಸುತ್ತಾಳೆ. ಈ ದಂಟು ಬಂದದ್ದು ಅದೇ ಹಾಡಿಗೆ ಬೇರಾರೋ ಹಿಂದೆ ಜೋಡಿಸಿದ್ದ ಇನ್ನೊಂದು ಕಾರ್ಟೂನಿನ ತುಣುಕಿನಿಂದ. ಸಂಸ್ಥೆಯ ಕಡತದಲ್ಲಿ ಈರುಳ್ಳಿಯ ಉಲ್ಲೇಖವೇ ಇರಲಿಲ್ಲ. ಆದರೂ ಅದು ಎಷ್ಟು ಜನಪ್ರಿಯವಾಯಿತೆಂದರೆ, ಮುಂದೆ ಅಧಿಕೃತ ಗೊಂಬೆಗಳ ಕೈಗೂ ಆ ದಂಟು ಬಂತು. ಸರಸ್ವತಿಗೆ ವೀಣೆ ಹೇಗೋ ಹಾಗೆ ಈಕೆಗೆ ಈರುಳ್ಳಿ ದಂಟು. ವ್ಯತ್ಯಾಸವಿಷ್ಟೇ, ಇದನ್ನು ಕೊಟ್ಟವರು ಯಾವ ಪುರಾಣಕರ್ತರೂ ಅಲ್ಲ, ತಮಾಷೆಗೆಂದು ಚಿತ್ರ ಬರೆದ ಅಭಿಮಾನಿಗಳು.

ಅದೇ ವರ್ಷದ ಡಿಸೆಂಬರ್‌ನಲ್ಲಿ ರ್ಯೋ ಎಂಬ ಅಂಕಿತದವರೊಬ್ಬರು ‘ಮೆಲ್ಟ್’ ಎಂಬ ಪ್ರೇಮಗೀತೆಯನ್ನು ಬರೆದರು. ಹಾಡಿನ ಜೊತೆಗೆ ಅವರು ಬಳಸಿಕೊಂಡ ಚಿತ್ರ ಇನ್ನೊಬ್ಬ ಹವ್ಯಾಸಿಯದು, ಅದೂ ಅನುಮತಿಯಿಲ್ಲದೆ. ಬಳಿಕ ಕ್ಷಮೆ ಕೋರಲು ಹೋದಾಗ ಜಗಳವಾಗುವ ಬದಲು ಸ್ನೇಹವಾಯಿತು; ಆ ಸ್ನೇಹದಿಂದ ‘ಸೂಪರ್‌ಸೆಲ್’ ಎಂಬ ಗುಂಪು ಹುಟ್ಟಿತು. 2009ರಲ್ಲಿ ಸೋನಿ ಸಂಸ್ಥೆ ಅವರ ಧ್ವನಿಮುದ್ರಿಕೆಯನ್ನು ಪ್ರಕಟಿಸಿತು, ಅದಕ್ಕೆ ಚಿನ್ನದ ಮಾನ್ಯತೆ ದೊರೆಯಿತು. 2010ರ ಮೇ ತಿಂಗಳಲ್ಲಿ ಹಲವು ಹವ್ಯಾಸಿಗಳ ಹಾಡುಗಳ ಸಂಕಲನವೊಂದು ಜಪಾನಿನ ಪ್ರಖ್ಯಾತ ಒರಿಕಾನ್ ವಾರದ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಪಡೆಯಿತು. ಇಂಥ ಕಂಠಗಳ ಸಂಕಲನಕ್ಕೆ ಆ ಗೌರವ ಸಂದದ್ದು ಅದೇ ಮೊದಲು.

ಹಾಡು ಕಟ್ಟುವವರ ಹಿಂದೆ ಚಿತ್ರ ಬರೆಯುವವರು, ಚಿತ್ರದವರ ಹಿಂದೆ ಚಲಿಸುವ ಬೊಂಬೆ ಮಾಡುವವರು. 2008ರಲ್ಲಿ ಹಿಗುಚಿ ಯು ಎಂಬ ತಂತ್ರಜ್ಞರು ಮಿಕುವನ್ನು ಪರದೆಯ ಮೇಲೆ ಕುಣಿಸುವ ಉಚಿತ ತಂತ್ರಾಂಶವೊಂದನ್ನು ರಚಿಸಿ ಎಲ್ಲರಿಗೂ ಕೊಟ್ಟುಬಿಟ್ಟರು. ಯಂತ್ರದ ಹಾಡುಗಳನ್ನು ಮನುಷ್ಯರು ಮತ್ತೆ ತಮ್ಮ ಕಂಠದಲ್ಲಿ ಹಾಡತೊಡಗಿದರು. ಆ ಪ್ರಯತ್ನಗಳಿಗೆ ಜಪಾನಿನಲ್ಲಿ ‘ಹಾಡಿ ನೋಡಿದೆ’ ಎಂದೂ, ನರ್ತನಗಳಿಗೆ ‘ಕುಣಿದು ನೋಡಿದೆ’ ಎಂದೂ ಹೆಸರು. ಈ ‘ನೋಡಿದೆ’ ಎಂಬ ಕ್ರಿಯಾಪದದಲ್ಲಿರುವ ವಿನಯ ನಮಗೆ ಬಹಳ ಪ್ರಿಯವಾದದ್ದು. ವಿದ್ವತ್ತಿನ ಭಾರವಿಲ್ಲ, ಸೋಲಿನ ಭಯವಿಲ್ಲ. ಮಾಡಿ ನೋಡಿದೆ, ಅಷ್ಟೇ. ‘ಹತ್ಸುನೆ ಮಿಕುವಿನ ಕಣ್ಮರೆ’ ಎಂಬರ್ಥದ ಹಾಡೊಂದಿದೆ. ಉಸಿರಾಟದ ಅಗತ್ಯವಿಲ್ಲದ ಕಂಠಕ್ಕೆಂದೇ ಬರೆದ, ಮಿಂಚಿನ ವೇಗದ ರಚನೆ ಅದು. ಅದನ್ನೂ ಹದಿಹರೆಯದವರು ಉಸಿರು ಬಿಗಿಹಿಡಿದು ಅಭ್ಯಾಸ ಮಾಡಿ ಹಾಡಿದ್ದಾರೆ. ಯಂತ್ರ ಮನುಷ್ಯನನ್ನು ಅನುಕರಿಸಲು ಹೊರಟಿತ್ತು. ಇಲ್ಲಿ ಮನುಷ್ಯನ ಪುಪ್ಪುಸವೇ ಯಂತ್ರವನ್ನು ಬೆನ್ನಟ್ಟಿತು.

ಇನ್ನು ವ್ಯಾಪಾರದ ವಿಚಾರಕ್ಕೆ ಬರೋಣ. ಸಾಮಾನ್ಯವಾಗಿ ತನ್ನ ಸ್ವತ್ತಾದ ಚಿತ್ರವನ್ನು ಅನ್ಯರು ಬರೆದರೆ ಸಂಸ್ಥೆಯೊಂದು ವಕೀಲರ ನೋಟೀಸು ಕಳುಹಿಸುತ್ತದೆ. ಜಪಾನಿನಲ್ಲಿ ಮಾತ್ರ ಹವ್ಯಾಸಿಗಳು ಸ್ವಂತ ಖರ್ಚಿನಲ್ಲಿ ಚಿತ್ರಪುಸ್ತಕಗಳನ್ನು ಅಚ್ಚುಹಾಕಿ ಮಾರುವ ಹಳೆಯ ಪರಂಪರೆಯೊಂದಿದೆ. 1975ರಲ್ಲಿ ಟೋಕಿಯೋದಲ್ಲಿ ಆರಂಭವಾದ ‘ಕೊಮಿಕೆಟ್’ ಎಂಬುದು ಅಂಥವರ ದೊಡ್ಡ ಸಂತೆ. ಅಲ್ಲಿ ಹಕ್ಕುದಾರರು ಬಹುಮಟ್ಟಿಗೆ ಕಂಡೂ ಕಾಣದಂತೆ ಇರುತ್ತಾರೆ. ಆದರೆ ಕಂಡೂ ಕಾಣದಿರುವುದು ಅನುಮತಿಯಲ್ಲ. ಯಾವಾಗ ಕಣ್ಣು ತೆರೆದಾರೆಂಬ ಭಯ ಇದ್ದೇ ಇರುತ್ತದೆ.

ಕ್ರಿಪ್ಟನ್ ಸಂಸ್ಥೆ ಒಂದು ಹೆಜ್ಜೆ ಮುಂದೆ ಹೋಗಿ ಅನುಮತಿಯನ್ನು ಬರಹದಲ್ಲಿಯೇ ಕೊಟ್ಟಿತು. ಲಾಭಕ್ಕಲ್ಲದೆ, ಇತರರ ಗೌರವಕ್ಕೆ ಕುಂದು ಬಾರದಂತೆ, ಮಿಕುವಿನ ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದು, ಬದಲಿಸಬಹುದು, ಹಂಚಬಹುದು. ಖರ್ಚನ್ನಷ್ಟೇ ಹಿಂಪಡೆಯಲು ಅಲ್ಪಸ್ವಲ್ಪ ಮಾರುವವರಿಗೆ ಸರಳವಾದ ಅನುಮತಿಯ ದಾರಿಯಿದೆ. ದೊಡ್ಡ ವ್ಯಾಪಾರ ಮಾಡುವವರು ಮಾತ್ರ ಒಪ್ಪಂದ ಮಾಡಿಕೊಂಡು ಶುಲ್ಕ ತೆರಬೇಕು. 2007ರ ಡಿಸೆಂಬರ್‌ನಲ್ಲಿ ‘ಪಿಯಾಪ್ರೋ’ ಎಂಬ ವಿನಿಮಯ ಕೇಂದ್ರವನ್ನೂ ಅಂತರಜಾಲದಲ್ಲಿ ತೆರೆದರು. ಒಬ್ಬರು ರಾಗವನ್ನಿಡುತ್ತಾರೆ, ಇನ್ನೊಬ್ಬರು ಸಾಹಿತ್ಯ ಹೊಂದಿಸುತ್ತಾರೆ, ಮತ್ತೊಬ್ಬರು ಚಿತ್ರ ಬರೆಯುತ್ತಾರೆ. ಬಳಸಿಕೊಂಡವರು ಮೂಲದವರಿಗೆ ತಿಳಿಸಿ ಧನ್ಯವಾದ ಹೇಳುವುದು ಅಲ್ಲಿನ ಶಿಷ್ಟಾಚಾರ. 2012ರಲ್ಲಿ ಮಿಕುವಿನ ಮೂಲಚಿತ್ರಗಳನ್ನು ಪರದೇಶಗಳವರಿಗೂ ಅನ್ವಯಿಸುವಂತೆ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಾರ್ವತ್ರಿಕ ಪರವಾನಗಿಯಡಿ ಬಿಟ್ಟುಕೊಟ್ಟರು. ಹಾಡುಗಳ ಹಕ್ಕಾದರೋ ಸಂಸ್ಥೆಯದಲ್ಲ. ಅದು ಆರಂಭದಿಂದಲೂ ಹಾಡು ಕಟ್ಟಿದವರದೇ. ತಂಬೂರಿ ಮಾರಿದವನು ಕೀರ್ತನೆಯ ಮೇಲೆ ಹಕ್ಕು ಸಾಧಿಸಲಾಗದಷ್ಟೆ?

ಈಗ ಫಲವನ್ನು ನೋಡೋಣ. ಹಾಡುಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿದೆಯೆಂದು ಸಂಸ್ಥೆಯವರು ಹೇಳುತ್ತಾರೆ. ಇಷ್ಟು ಹಾಡುಗಳನ್ನು ಸಂಬಳ ಕೊಟ್ಟು ಬರೆಸಲು ಯಾವ ಸಂಸ್ಥೆಗೂ ಸಾಧ್ಯವಿಲ್ಲ. ಲಕ್ಷದಲ್ಲಿ ಬಹುಪಾಲು ಮರೆತುಹೋಗುವಂಥವು. ಜನರೇ ಜರಡಿ ಹಿಡಿದು ಉಳಿಸಿಕೊಂಡ ಕೆಲವು ನೂರು ಹಾಡುಗಳೇ ಕಛೇರಿಗಳಿಗೆ, ಆಟಗಳಿಗೆ ಬಂಡವಾಳ. 2009ರಲ್ಲಿ ಸೆಗಾ ಸಂಸ್ಥೆ ಹೊರತಂದ ‘ಪ್ರಾಜೆಕ್ಟ್ ದಿವಾ’ ಎಂಬ ವಿಡಿಯೋ ಆಟದಲ್ಲಿ ಅಭಿಮಾನಿಗಳ ಹಾಡುಗಳೇ ಇದ್ದವು. 2010ರ ಮಾರ್ಚ್ 9ರಂದು ಟೋಕಿಯೋದಲ್ಲಿ ಆಕೆಯದೇ ಪೂರ್ಣ ಕಛೇರಿ ನಡೆಯಿತು. ಪಾರದರ್ಶಕ ಪರದೆಯ ಮೇಲೆ ಬೆಳಕಿನ ಗಾಯಕಿ, ಪಕ್ಕದಲ್ಲಿ ಬೆವರು ಸುರಿಸುವ ನಿಜವಾದ ವಾದ್ಯಗಾರರು. 2011ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಕಛೇರಿ. ಅದೇ ವರ್ಷ ಅಮೆರಿಕದಲ್ಲಿ ಟೊಯೋಟಾ ಕೊರೊಲ್ಲಾ ಕಾರಿನ ಜಾಹೀರಾತು. 2013ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನ ಶಾತ್ಲೆ ರಂಗಮಂದಿರದಲ್ಲಿ ಶಿಬುಯಾ ಕೇಯಿಚಿರೋ ಅವರ ‘ದಿ ಎಂಡ್’ ಎಂಬ ಗೀತನಾಟಕ, ಅದರಲ್ಲಿ ಮನುಷ್ಯ ಗಾಯಕರೇ ಇಲ್ಲ. 2014ರಲ್ಲಿ ಲೇಡಿ ಗಾಗಾ ಅವರ ಪ್ರವಾಸದಲ್ಲಿ ಆರಂಭಿಕ ಗಾಯನ. ಅಕ್ಟೋಬರ್‌ನಲ್ಲಿ ಡೇವಿಡ್ ಲೆಟರ್‌ಮನ್ ಅವರ ದೂರದರ್ಶನ ಕಾರ್ಯಕ್ರಮ. 2024ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೊಚೆಲ್ಲಾ ಸಂಗೀತೋತ್ಸವ.

ಅಭಿಮಾನಿಗಳು ಬರಿಯ ಗಿರಾಕಿಗಳಲ್ಲವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಟ್ಟು ಮುಂದುವರಿಯುತ್ತೇವೆ. ಜಪಾನಿನ ಸೂಪರ್ ಜಿಟಿ ಮೋಟಾರು ಪಂದ್ಯದಲ್ಲಿ ಮಿಕುವಿನ ಚಿತ್ರ ಹೊತ್ತ ಕಾರೊಂದು ಓಡುತ್ತದೆ. ದೊಡ್ಡ ಪ್ರಾಯೋಜಕರ ಜೊತೆಗೆ ಸಾಮಾನ್ಯ ಅಭಿಮಾನಿಗಳೂ ಹಣ ಕೂಡಿಸಿ ಆ ತಂಡದ ವೈಯಕ್ತಿಕ ಪ್ರಾಯೋಜಕರಾಗುತ್ತಾರೆ. ಆ ತಂಡ ತನ್ನ ವರ್ಗದಲ್ಲಿ 2011, 2014 ಮತ್ತು 2017ರಲ್ಲಿ ಪ್ರಶಸ್ತಿಯನ್ನು ಗೆದ್ದಿತು. ಎರಡನೆಯದು ಇನ್ನೂ ಸೋಜಿಗದ್ದು. 2010ರ ಮೇ ತಿಂಗಳಲ್ಲಿ ಜಪಾನ್ ಶುಕ್ರಗ್ರಹಕ್ಕೆ ‘ಅಕಾತ್ಸುಕಿ’ ಎಂಬ ನೌಕೆಯನ್ನು ಹಾರಿಸಿತು. ಹತ್ತು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಮನವಿ ಸಲ್ಲಿಸಿ, ಮಿಕುವಿನ ಚಿತ್ರಗಳನ್ನು ಕೊರೆದ ಅಲ್ಯೂಮಿನಿಯಂ ಫಲಕಗಳನ್ನು ಅದರಲ್ಲಿ ಸೇರಿಸಿದರು. ಆ ವರ್ಷದ ಡಿಸೆಂಬರ್ 7ರಂದು ನೌಕೆ ಕಕ್ಷೆಯನ್ನು ಸೇರಲಾಗದೆ ಸೂರ್ಯನ ಸುತ್ತ ಅಲೆಯಿತು. ಸರಿಯಾಗಿ ಐದು ವರ್ಷಗಳ ಬಳಿಕ, 2015ರ ಡಿಸೆಂಬರ್ 7ರಂದು, ಮರುಪ್ರಯತ್ನದಲ್ಲಿ ಶುಕ್ರನ ಕಕ್ಷೆಯನ್ನು ಸೇರಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಜಪಾನಿನಲ್ಲಿಯೇ ಇದೆ. 1996ರಲ್ಲಿ ಹೊರಿಪ್ರೋ ಎಂಬ ಪ್ರಬಲ ಮನರಂಜನಾ ಸಂಸ್ಥೆ ‘ದಾತೆ ಕ್ಯೋಕೋ’ ಎಂಬ ಗಣಕ-ನಿರ್ಮಿತ ತಾರೆಯನ್ನು ರೂಪಿಸಿತು. ಆಕೆಗೆ ಊರು, ಕುಟುಂಬ, ಹವ್ಯಾಸಗಳೆಲ್ಲ ಇದ್ದವು. ಹಾಡು, ನೃತ್ಯ ಎಲ್ಲವೂ ಸಂಸ್ಥೆಯ ಕಾರ್ಖಾನೆಯಲ್ಲಿಯೇ ಸಿದ್ಧ. ಆರಂಭದ ಕುತೂಹಲ ತಣಿದ ಬಳಿಕ ಜನ ಆಕೆಯನ್ನು ಮರೆತರು. ಅಂದಿನ ಗಣಕಗಳ ಮಿತಿ ಒಂದು ಕಾರಣವಿದ್ದೀತು. ಆದರೆ ನೋಡುವವರಿಗೆ ಅಲ್ಲಿ ನೋಡುವುದನ್ನುಳಿದು ಮಾಡಲು ಕೆಲಸವೇ ಇರಲಿಲ್ಲವೆಂಬುದು ದೊಡ್ಡ ಕಾರಣವೆಂದು ನಮ್ಮ ಎಣಿಕೆ. ಎಲ್ಲವನ್ನೂ ಮುಗಿಸಿ ಬಡಿಸಿದ ಎಲೆಯ ಮುಂದೆ ಉಣ್ಣುವವನಿರುತ್ತಾನೆ. ಅಡುಗೆಮನೆಯಲ್ಲಿ ಕೈಹಚ್ಚಿದವನು ಮನೆಯವನೇ ಆಗಿಬಿಡುತ್ತಾನೆ.

ಇಷ್ಟು ಹೊಗಳಿದ ಮೇಲೆ ರೋಗಿಯನ್ನು ಮಗ್ಗುಲು ಹೊರಳಿಸಿ ಬೆನ್ನನ್ನೂ ಪರೀಕ್ಷಿಸುವುದು ವೈದ್ಯಧರ್ಮ. ನಮಗೆ ಮೂರು ಸಂದೇಹಗಳಿವೆ.

ಮೊದಲನೆಯದು, ಪ್ರೀತಿಯಿಂದ ಮಾಡಿದ ಕೆಲಸದ ಕೂಲಿ. ಲಕ್ಷಾಂತರ ಜನ ಬಿಟ್ಟಿಯಾಗಿ ದುಡಿದರು, ಶುಲ್ಕ ಕೆಲವರ ಪೆಟ್ಟಿಗೆಗೆ ಹೋಯಿತು ಎಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. 2007ರ ಡಿಸೆಂಬರ್‌ನಲ್ಲಿಯೇ, ಜನಪ್ರಿಯ ಹಾಡೊಂದು ಹಕ್ಕುಗಳ ಸಂಘದಲ್ಲಿ ನೋಂದಣಿಯಾದಾಗ, ಎಲ್ಲರದೆಂದು ತಿಳಿದಿದ್ದದ್ದು ಇದ್ದಕ್ಕಿದ್ದಂತೆ ಯಾರದೋ ಆಯಿತೇ ಎಂದು ಅಭಿಮಾನಿಗಳು ಗದ್ದಲವೆಬ್ಬಿಸಿದ್ದರು. ಇನ್ನೊಂದು ಪಕ್ಕವೂ ಇದೆ. ಹಾಡಿನ ಹಕ್ಕು ಕರ್ತೃವಿನಲ್ಲಿಯೇ ಉಳಿದುದರಿಂದ ಹಲವರು ಅದೇ ಮೆಟ್ಟಿಲನ್ನು ಏರಿ ವೃತ್ತಿಕಲಾವಿದರಾದರು. ‘ಹಾಚಿ’ ಎಂಬ ಅಂಕಿತದಲ್ಲಿ ಮಿಕುವಿಗೆ ಹಾಡು ಕಟ್ಟುತ್ತಿದ್ದ ಯೋನೆಜು ಕೆನ್ಶಿ ಇಂದು ಜಪಾನಿನ ಅಗ್ರಗಣ್ಯ ಗಾಯಕರಲ್ಲೊಬ್ಬರು. ‘ಯೋಅಸೋಬಿ’ ಜೋಡಿಯ ಸಂಯೋಜಕ ಅಯಾಸೆ ಬಂದದ್ದೂ ಅದೇ ಗರಡಿಯಿಂದ. ‘ಸೆಂಬೊನ್‌ಜಾಕುರಾ’ ಎಂಬ 2011ರ ಮಿಕು ಹಾಡನ್ನು 2015ರ ಹೊಸವರ್ಷದ ಮುನ್ನಾ ಸಂಜೆ ಹಿರಿಯ ಗಾಯಕಿ ಕೊಬಾಯಾಶಿ ಸಾಚಿಕೋ ರಾಷ್ಟ್ರದ ಅತಿ ಪ್ರತಿಷ್ಠಿತ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಿದರು. ನಮ್ಮ ತೀರ್ಮಾನ ಇಷ್ಟೇ: ಹೆಸರನ್ನೂ ಹಕ್ಕನ್ನೂ ಕೈಯಲ್ಲಿಯೇ ಉಳಿಸಿಕೊಟ್ಟಲ್ಲಿ ಅದು ಕೊಡುಕೊಳೆ, ಅವೆರಡನ್ನೂ ಕಸಿದುಕೊಂಡಲ್ಲಿ ಸುಲಿಗೆ.

ಎರಡನೆಯದು, ದೇಹದ ವಿಚಾರ. ಎತ್ತರ 158 ಸೆಂಟಿಮೀಟರ್, ತೂಕ 42 ಕಿಲೋ ಎಂದರೆ ದೇಹತೂಕದ ಸೂಚ್ಯಂಕ ಸುಮಾರು 16.8. ಅಂಥ ಹುಡುಗಿ ನಮ್ಮ ಚಿಕಿತ್ಸಾಲಯಕ್ಕೆ ಬಂದರೆ ಊಟದ ವಿಚಾರವಾಗಿ ಎರಡು ಪ್ರಶ್ನೆ ಕೇಳದೆ ಕಳುಹಿಸೆವು. ಎಂದೂ ಬೆಳೆಯದ, ಬಳಲದ, ಮುಪ್ಪಾಗದ ಆ ಆಕೃತಿಯನ್ನು ನೋಡಿ ನಮ್ಮ ಹೆಣ್ಣುಮಕ್ಕಳು ಕನ್ನಡಿಯ ಮುಂದೆ ನಿಂತು ಕೊರಗಬಾರದು. ಚಿತ್ರ ಚಿತ್ರವೇ ಎಂಬ ಮಾತನ್ನು ಮನೆಯಲ್ಲಿ ಒಮ್ಮೆ ಆಡಿಬಿಡುವುದು ಒಳ್ಳೆಯದು.

ಮೂರನೆಯದು, ಸಮ್ಮತಿ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಒಪ್ಪಿಗೆ ಪಡೆಯುವುದನ್ನು ಎಂ.ಬಿ.ಬಿ.ಎಸ್. ಓದುವಾಗಲೇ ಕಲಿತೆವು, ಈ ದೇಶದ ರೆಸಿಡೆನ್ಸಿಯಲ್ಲಿ ಅದನ್ನು ದಿನಕ್ಕೆ ಹತ್ತು ಬಾರಿ ಅಭ್ಯಾಸ ಮಾಡಿದೆವು. ಫುಜಿತಾ ಸಾಕಿ ತಿಳಿದು, ಒಪ್ಪಿ, ತಮ್ಮ ಕಂಠವನ್ನು ಕೊಟ್ಟರು. ಆದರೆ 2019ರಲ್ಲಿ ಜಪಾನಿನ ಎನ್‌ಎಚ್‌ಕೆ ದೂರದರ್ಶನವು 1989ರಲ್ಲಿ ತೀರಿಕೊಂಡ ಮಹಾಗಾಯಕಿ ಮಿಸೋರಾ ಹಿಬಾರಿಯವರ ಕಂಠವನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿ ಹೊಸ ಹಾಡೊಂದನ್ನು ಹಾಡಿಸಿತು. ಕೇಳಿ ಕಣ್ಣೀರಿಟ್ಟವರುಂಟು, ಸತ್ತವರಿಗೆ ಇದು ಅವಮಾನವೆಂದು ಸಿಡಿದವರೂ ಉಂಟು. ಈಗಂತೂ ಕೆಲವೇ ಕ್ಷಣಗಳ ಧ್ವನಿಮುದ್ರಣದಿಂದ ಯಾರ ಕಂಠವನ್ನಾದರೂ ನಕಲು ಮಾಡಬಹುದಾದ ಕಾಲ. ಕ್ಯಾನ್ಸರಿನಿಂದ ಗಂಟಲಿನ ಪೆಟ್ಟಿಗೆಯನ್ನು ತೆಗೆಸಿಕೊಂಡು, ಸ್ವಂತ ದನಿಯಲ್ಲಿ ಮೊಮ್ಮಗುವಿನ ಹೆಸರನ್ನು ಕರೆಯಲಾಗದೆ ಕಣ್ತುಂಬಿಕೊಂಡವರನ್ನು ನಾವು ಕಂಡಿದ್ದೇವೆ. ಅಂಥವರ ದನಿಯನ್ನು ಮುಂಚಿತವಾಗಿಯೇ ಶೇಖರಿಸಿ ಹಿಂದಿರುಗಿಸಬಲ್ಲ ವಿದ್ಯೆ ಒಂದು ವರ. ಅದೇ ವಿದ್ಯೆ ಒಪ್ಪಿಗೆಯಿಲ್ಲದ ಕೈಯಲ್ಲಿ ಕಳವಿನ ಉಪಕರಣ. ವ್ಯತ್ಯಾಸವಿರುವುದು ಒಂದು ಸಹಿಯಲ್ಲಿ.

ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ಮಿಕುವಿಗೆ ಹಾಡು ಕಟ್ಟಿದವರಲ್ಲಿ ವೊವಾಕಾ ಎಂಬ ಪ್ರತಿಭಾವಂತರಿದ್ದರು. ಅವರ ‘ರೋಲಿಂಗ್ ಗರ್ಲ್’ ಎಂಬ ಹಾಡನ್ನು ಹಿಂದಿನ ಸಾಲಿನ ಮಕ್ಕಳಲ್ಲಿ ಕೆಲವರಾದರೂ ಬಲ್ಲರು. 2019ರ ಏಪ್ರಿಲ್ 5ರಂದು, ತಮ್ಮ 31ನೆಯ ವಯಸ್ಸಿನಲ್ಲಿ, ಅವರು ಹೃದಯ ವೈಫಲ್ಯದಿಂದ ತೀರಿಕೊಂಡರು. ಗಾಯಕಿಗೆ ಇಂದಿಗೂ 16. ಆಕೆಯ ಕವಿ ಇಲ್ಲ. ಆತನ ಹಾಡನ್ನು ಅದೇ ಕಂಠ ಅದೇ ಶ್ರುತಿಯಲ್ಲಿ ಹಾಡುತ್ತಲೇ ಇದೆ. ಯಂತ್ರದ ಕಂಠದೊಳಗೆ ಮಿಡಿಯುತ್ತಿದ್ದ ಹೃದಯ ಯಾರದೆಂಬುದು ಆಗ ತಿಳಿಯುತ್ತದೆ.

ಕೊನೆಯದಾಗಿ, ಈ ಸಪ್ಪೊರೊ ನಗರದ ಸಂಗತಿಗೂ ನಮ್ಮ ಕನ್ನಡ ಕೂಟಕ್ಕೂ ಏನು ನಂಟು? ಪ್ರತಿ ವರ್ಷ ಬೆಂಗಳೂರಿನಿಂದ ಗಾಯಕರನ್ನೋ ಹಾಸ್ಯಗಾರರನ್ನೋ ಕರೆಸುತ್ತೇವೆ, ಅದು ಆಗಬೇಕಾದದ್ದೇ. ಆದರೆ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಕುರ್ಚಿಯಲ್ಲಿ ಕುಳಿತು ನೋಡುವ ವಸ್ತುವಾಗಿಬಿಟ್ಟಿದೆಯೇ ಎಂಬ ಚಿಂತೆ ನಮ್ಮದು. ಎಲ್ಲವೂ ಮುಗಿದು ಸಿದ್ಧವಾಗಿ ಬಂದ ಭಾಷೆ. ಅವರು ಕೈಹಚ್ಚಲು ಅಲ್ಲಿ ಜಾಗವೆಲ್ಲಿ? ಮನೆಯಲ್ಲಿ ಮಾತನ್ನು ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಮಗು ‘ಳ’ಕಾರ ತಪ್ಪಿದರೆ ನಗುತ್ತೇವೆ. ನಕ್ಕ ಮರುದಿನ ಅದು ಬಾಯಿ ತೆರೆಯುವುದಿಲ್ಲ.

ಕೂಡಿ ಕಟ್ಟುವ ಕಲೆ ನಮಗೇನೂ ಹೊಸತಲ್ಲ. ತಾಳಮದ್ದಳೆಯಲ್ಲಿ ಪ್ರಸಂಗ ಬರೆದ ಕವಿ ಒಬ್ಬ, ಹಾಡುವ ಭಾಗವತ ಇನ್ನೊಬ್ಬ, ಪದ್ಯಕ್ಕೆ ಆ ರಾತ್ರಿಯೇ ಮಾತು ಹುಟ್ಟಿಸುವ ಅರ್ಥಧಾರಿಗಳು ಬೇರೆ. ದಾಸರ ಪದಗಳು ಅಂಕಿತವನ್ನು ಉಳಿಸಿಕೊಂಡು ಊರೂರಲ್ಲಿ ಬೇರೆ ಬೇರೆ ರಾಗಗಳನ್ನು ಉಟ್ಟಿವೆ. ಹೆಸರನ್ನು ಗೌರವಿಸು, ಹಾಡನ್ನು ಬೆಳೆಸು ಎಂಬ ನಿಯಮ ನಮ್ಮವರಿಗೂ ಗೊತ್ತಿತ್ತು.

ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮದೊಂದು ವಿನಂತಿ. ಮುಂದಿನ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯನ್ನು ಮಕ್ಕಳ ಸ್ವಂತ ರಚನೆಗೆ ಮೀಸಲಿಡಿ. ಅದಕ್ಕೆ ‘ಮಾಡಿ ನೋಡಿದೆವು’ ಎಂದೇ ಹೆಸರಿಡಬಹುದು. ಒಬ್ಬರು ನಾಲ್ಕು ಸಾಲು ಕನ್ನಡ ಬರೆಯಲಿ, ಇನ್ನೊಬ್ಬರು ಗಿಟಾರಿನಲ್ಲೋ ಗಣಕದಲ್ಲೋ ರಾಗ ಕೂಡಿಸಲಿ, ಮತ್ತೊಬ್ಬರು ಚಿತ್ರ ಬರೆಯಲಿ. ವ್ಯಾಕರಣದ ತಪ್ಪನ್ನು ಆಮೇಲೆ ಮೆಲ್ಲನೆ ತಿದ್ದೋಣ. ಪ್ರತಿಯೊಬ್ಬರ ಹೆಸರೂ ನಮ್ಮ ಪತ್ರಿಕೆಯಲ್ಲಿ ಅಚ್ಚಾಗಲಿ. ಮುಂದಿನ ವರ್ಷ ಬೇರೆ ಮಗು ಅದೇ ಹಾಡನ್ನು ಬದಲಿಸಿ ಹಾಡಬಯಸಿದರೆ, ಮೊದಲಿನವರಿಗೆ ಧನ್ಯವಾದ ಹೇಳಿ ಹಾಡಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹಿರಿಯರಾದ ನಾವು ಅರ್ಧ ಗಂಟೆ ನಗದೆ ಕುಳಿತಿದ್ದರಾಯಿತು.

ಹಿಂದಿನ ಸಾಲಿನ ಕಿರಿಯ ಮಿತ್ರರೇ, ಈ ಭಾಷೆಯ ಮೇಲೆ ನಮಗೆಷ್ಟು ಹಕ್ಕಿದೆಯೋ ನಿಮಗೂ ಅಷ್ಟೇ ಇದೆ. ಅದಕ್ಕೆ ಪರವಾನಗಿ ಬೇಕಿಲ್ಲ, ಶುಲ್ಕವಿಲ್ಲ.

 ಒಬ್ಬಟ್ಟನ್ನು ಧಾರಾಳವಾಗಿ ಸವಿಯಿರಿ, ವೈದ್ಯರ ಅನುಮತಿಯಿದೆ.